ಅಲ್ಲಾಡದ ಮನೆ

ನಮ್ಮೂರಲ್ಲಿ ಮಂಚ ಇಟ್ಟ ಜಾಗದಲ್ಲಿ ಇರುವುದಿಲ್ಲ. ಹೀಗೆಂದರೆ ಹೊರಗಿನವರು, ನೆಲ ಇಳಿಜಾರಾ ಅಂತ ಕೇಳುತ್ತಾರೆ. ನೆಲಕ್ಕೇನೂ ಆಗಿಲ್ಲ, ನೀರು ಚೆಲ್ಲಿದರೆ ಚೆಲ್ಲಿದಲ್ಲೇ ನಿಲ್ಲುತ್ತದೆ. ಮನೆಯಲ್ಲಿರುವವರು ದೂರ ಇರುವ ಯಾರಿಗಾದರೂ ಹಂಬಲಿಸುತ್ತಿದ್ದರೆ, ಅವರಿರುವ ದಿಕ್ಕಿಗೆ ಸಾಮಾನು ದಿನಕ್ಕೊಂದು ಭತ್ತದ ಕಾಳಿನಷ್ಟು ಸರಿಯುತ್ತದೆ, ಅಷ್ಟೆ. ಮಂಚ, ಕುರ್ಚಿ, ಬೀರು, ಅಡುಗೆಮನೆಯ ಅಕ್ಕಿ ಡಬ್ಬ, ಎಲ್ಲವೂ. ಸತ್ತವರಿಗಾಗಿ ಹಂಬಲಿಸಿದರೆ ಆ ಕಡೆ ಈ ಕಡೆ ಸರಿಯುವುದಿಲ್ಲ. ಮಂಚದ ಕಾಲು ನೆಲದೊಳಕ್ಕೆ ಇಳಿಯುತ್ತದೆ. ಒರಳುಕಲ್ಲು ಮಾತ್ರ ಯಾರಿಗೂ ಅಲ್ಲಾಡಿದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸ ಮನೆ ನಿಲ್ಲಿಸುವುದು. ಹೆಸರು ಅಚ್ಚಮ್ಮ, ಊರವರಿಗೆ ಅಚ್ಚಮ್ಮಕ್ಕ. ನಮ್ಮಮ್ಮನಿಂದ ಕಲಿತದ್ದು. ಮನೆಯ ನಡು ಖಾಲಿ ಇರಬೇಕು. ಬಾಗಿಲ ಕಡೆ ಕಾಲು ಚಾಚಿ ಮಲಗಬಾರದು. ಮಂಚದ ಎದುರು ಕನ್ನಡಿ ಬೇಡ. ಒಡೆದದ್ದು, ನಿಂತುಹೋದದ್ದು, ಆಮೇಲೆ ರಿಪೇರಿ ಮಾಡಿಸೋಣ ಅಂತ ಅಟ್ಟದ ಮೇಲೆ ಇಟ್ಟದ್ದು, ಇವನ್ನೆಲ್ಲ ಮೊದಲು ಆಚೆ ಹಾಕಿ. ಸಾಮಾನು ಸರಿಯುವ ಕಡೆ ಒಂದು ಹಂಡೆ ನೀರು ಇಡಿ, ಹಂಬಲಕ್ಕೆ ನೀರು ದಾಟುವುದೆಂದರೆ ಸ್ವಲ್ಪ ಅಳುಕು. ಇಷ್ಟು ಮಾಡಿದರೆ ಅರ್ಧ ಮನೆಗಳು ನಿಲ್ಲುತ್ತವೆ. ಉಳಿದವಕ್ಕೆ ಒಂದೇ ಮದ್ದು, ಖಾಲಿ ಮಣೆ. ಸರಿಯುವ ದಿಕ್ಕಿನ ಗೋಡೆಗೆ ಒಂದು ಮಣೆ ಹಾಕಿ, ಹಂಬಲಿಸುವವರು ಮನೆಯವರೆಲ್ಲರ ಮುಂದೆ, ಇದು ಇಂಥವರಿಗೆ ಅಂತ ಹೆಸರು ಹಿಡಿದು ಹೇಳಬೇಕು. ಆಮೇಲೆ ಆ ಮಣೆಯ ಮೇಲೆ ಯಾರೂ ಕೂರಬಾರದು. ಮನೆ ಗಪ್ಪನೆ ನಿಲ್ಲುತ್ತದೆ. ಕಷ್ಟ ಇರುವುದು ಹೆಸರು ಹೇಳುವುದರಲ್ಲಿ. ಎಷ್ಟೋ ಜನ ಹೆಸರು ಹೇಳುವ ಬದಲು ದಿನಾ ಬೀರು ತಳ್ಳಿಕೊಂಡೇ ಜೀವ ಸವೆಸಿದ್ದಾರೆ.

ಒಂದು ಸಲ ಹೊರ ಊರಿನವನೊಬ್ಬ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ತೆರೆದ. ದಿಕ್ಸೂಚಿ, ಗಾಜಿನ ಲೋಟದಲ್ಲಿ ಬಿದಿರಿನ ಗಿಡ, ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಕಪ್ಪೆ, ಡೊಳ್ಳುಹೊಟ್ಟೆಯ ನಗುವ ಬೊಂಬೆ. ಮನೆಯಲ್ಲಿ ಶಾಂತಿ ಬೇಕಾದರೆ ಈ ಬೊಂಬೆಯನ್ನು ಬಾಗಿಲಿಗೆ ಎದುರಾಗಿ ಇಡಿ ಅನ್ನುತ್ತಿದ್ದ. ತಿಂಗಳೊಳಗೆ ಬೊಂಬೆಗಳೆಲ್ಲ ಸಾಲುಗಟ್ಟಿ, ನಗುನಗುತ್ತಲೇ, ಅವನ ಹೆಂಡತಿಯ ಊರಿನ ಕಡೆಯ ಗೋಡೆಗೆ ಒತ್ತಿ ನಿಂತವು. ಪಾಪ, ಅವನು ಅಂಗಡಿ ಮುಚ್ಚಿ ಅದೇ ದಿಕ್ಕಿಗೆ ಹೊರಟುಹೋದ.

ಇನ್ನೊಂದು ಪದ್ಧತಿ ಹೇಳಿಬಿಡಬೇಕು. ಅಲ್ಲಾಡದ ಮನೆಯಲ್ಲಿ, ಬಿಟ್ಟುಹೋದವರ ಮಾತನ್ನು ನಮ್ಮೂರವರು ಎತ್ತುವುದಿಲ್ಲ. ಬೇಡ ಅಂತ ಎಲೆ ಮಡಿಸಿದವರಿಗೆ ಬಡಿಸಬಾರದು ಅಂತಾರಲ್ಲ, ಹಾಗೆ. ನನ್ನ ಮನೆ ಅಲ್ಲಾಡುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಒಂದು ಲೋಟವೂ ಸರಿದಿರಲಿಲ್ಲ. ಮನೆ ಇದ್ದರೆ ಅಚ್ಚಮ್ಮಕ್ಕನ ಮನೆಯ ಹಾಗಿರಬೇಕು ಅಂತ ಜನ ಹೇಳುತ್ತಿದ್ದರು. ನಾನೂ ಬೀಗುತ್ತಿದ್ದೆ.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ವಿಶಾಲಿ ಬಂದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಬಸವಲಿಂಗನ ಎರಡನೇ ಹೆಂಡತಿ. ಮದುವೆಯಾಗಿ ಎಂಟು ತಿಂಗಳು. ಮೊದಲನೆಯವಳು ಜಯಶೀಲೆ, ಮೂರು ವರ್ಷದ ಕೆಳಗೆ ಅತ್ತೆಯ ಜೊತೆ ಜಗಳವಾಡಿಕೊಂಡು ತೆಂಕಲ ಕಡೆಯ ತನ್ನ ತವರಿಗೆ ಹೋದವಳು ತಿರುಗಿ ಬರಲೇ ಇಲ್ಲ. ಪಂಚಾಯಿತಿ ಆಗಿ ಸಂಬಂಧ ಕಡಿದುಹೋಯಿತು. ವಿಶಾಲಿ ಕೂತವಳೇ ಎರಡು ಅಂಗೈ ತೆರೆದು ತೋರಿಸಿದಳು. ಬೊಬ್ಬೆ ಎದ್ದು ಒಡೆದಿದ್ದವು.

"ದಿನಾ ಬೆಳಿಗ್ಗೆ ಎದ್ದು ಎಲ್ಲಾನೂ ವಾಪಸ್ ತಳ್ತೀನಿ, ಅಕ್ಕ. ಅವರು ಏಳೋದರೊಳಗೆ. ಎಲ್ಲಾ ತೆಂಕಲಿಗೆ ಹೋಗುತ್ತೆ. ಆ ಅಕ್ಕನ ಕಡೆಗೆ."

"ನಿನ್ನ ಗಂಡ ಏನಂತಾನೆ?"

"ನಾನು ಕೇಳಿಲ್ಲ, ಅವರು ಹೇಳಿಲ್ಲ. ಒಳ್ಳೆಯವರೇ. ಆದರೆ ನಾನು ಉಪ್ಪಿನಕಾಯಿ ಜಾಡಿ ಎಲ್ಲಿಟ್ಟರೂ ಅದಕ್ಕೂ ಅವಳೇ ಬೇಕಲ್ಲ ಅಕ್ಕ. ಬರೋ ಶುಕ್ರವಾರದೊಳಗೆ ನೀವು ನಿಲ್ಲಿಸಿಕೊಟ್ಟರೆ ಸರಿ. ಇಲ್ಲದಿದ್ದರೆ ನಾನೂ ನನ್ನ ತವರಿಗೆ ಹೋಗ್ತೀನಿ. ಆ ಮನೆಗೆ ನಾನು ಬೇಕಾಗಿಲ್ಲ."

ಹುಡುಗಿ ಅಳಲಿಲ್ಲ. ಅಳದೆ ಮಾತಾಡುವವರನ್ನು ಕಂಡರೆ ನನಗೆ ಹೆದರಿಕೆ. ಅವತ್ತೇ ಹೋದೆ. ಸಣ್ಣ ಮನೆ, ಚೊಕ್ಕಟವಾಗಿತ್ತು. ಪಡಸಾಲೆಯ ಮೂಲೆಯಲ್ಲಿ ಬಸವಲಿಂಗನ ತಾಯಿ ಮಲ್ಲಾಜಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಊರಿಗೇ ಬಾಯಿ ಅನ್ನಿಸಿಕೊಂಡಿದ್ದ ಹೆಂಗಸು. ಅವಳ ಜಗಳ ಕೇಳುವುದಕ್ಕೇ ನೀರಿಗೆ ಬಂದ ಬೀದಿಯವರು ನಿಂತುಬಿಡುತ್ತಿದ್ದರು. ಈಗ ಮೆತ್ತಗಾಗಿದ್ದಳು. ಬಾ ಅಂದಳು, ಸುಲಿಯುತ್ತಲೇ ಇದ್ದಳು.

ಮಂಚದ ಎದುರಿನ ಕನ್ನಡಿ ತೆಗೆಸಿದೆ. ನಡುಮನೆಯಲ್ಲಿ ರಾಶಿ ಬಿದ್ದಿದ್ದ ತುಕ್ಕು ಹಿಡಿದ ಯಂತ್ರಗಳನ್ನು ಅಂಗಡಿಗೆ ಸಾಗಿಸಿದೆ. ತೆಂಕಲ ಗೋಡೆಗೆ ಹಂಡೆ ನೀರು ಇಡಿಸಿದೆ. ಮಂಚದ ಕಾಲಿನ ಸುತ್ತ ಸೀಮೆಸುಣ್ಣದ ಗೆರೆ ಹಾಕಿ ಮರುದಿನ ಹೋಗಿ ನೋಡಿದರೆ ಹಂಡೆಯ ಸಮೇತ ಸರಿದಿತ್ತು. ಹಾಗಾದರೆ ಮಣೆಯೇ ಸೈ ಅಂದುಕೊಂಡೆ. ಇಲ್ಲೇ ನಾನು ತಪ್ಪಿದ್ದು. ಇಪ್ಪತ್ತೆಂಟು ವರ್ಷದ ಅನುಭವ ಇದೆ ಅನ್ನುವ ಕೊಬ್ಬು ನನಗೆ. ಬಿಟ್ಟುಹೋದವಳು ಹೆಂಡತಿ, ಹಂಬಲಿಸುವವನು ಗಂಡ, ಇದರಲ್ಲಿ ಪರೀಕ್ಷೆ ಮಾಡುವುದೇನಿದೆ?

ಬಸವಲಿಂಗನನ್ನು ಕೂರಿಸಿ ಹೇಳಿದೆ. ಅವನು, "ನನಗೆ ಅವಳ ನೆನಪೇ ಬರಲ್ಲ ಅಕ್ಕ, ದೇವರಾಣೆ," ಅಂದ.

"ಎಲ್ಲ ಗಂಡಸರೂ ಹೀಗೇ ಹೇಳೋದು. ನಿನ್ನ ಮನೆ ಸುಳ್ಳು ಹೇಳುತ್ತಾ? ಮಣೆ ಹಾಕಿದೀನಿ, ಹೆಸರು ಹೇಳು."

ಅವನು ವಿಶಾಲಿಯ ಕಡೆ ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ತಲೆ ತಗ್ಗಿಸಿ, ಇದು ಜಯಶೀಲೆಗೆ ಅಂದ. ಹೆಂಡತಿಯ ಮುಂದೆ ಅವನ ಬಾಯಿಂದ ಆ ಹೆಸರು ಹೊರಡಿಸಿದವಳು ನಾನು. ಮಲ್ಲಾಜಮ್ಮ ಸುಲಿಯುವುದನ್ನು ನಿಲ್ಲಿಸಿ ಎದ್ದು ಹಿತ್ತಲಿಗೆ ಹೋದಳು. ಮಗನ ಸ್ಥಿತಿ ನೋಡಲಾರದೆ ಹೋದಳು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮಂಚ ಎರಡು ಕಾಳಿನಷ್ಟು ಸರಿದಿತ್ತು.

ವಿಶಾಲಿ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಮಣೆಗೂ ಸಾಲದಷ್ಟು ಇದೆಯಾ ಅಕ್ಕ?" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲ, ಇದು ನನ್ನ ತಪ್ಪು, ನಿನ್ನ ಗಂಡನದ್ದಲ್ಲ, ಇನ್ನು ಮೂರು ದಿನ ತಾಳು ಅಂತ ಅವಳ ಕೈ ಹಿಡಿದು ಕೇಳಿಕೊಂಡೆ. ಶುಕ್ರವಾರಕ್ಕೆ ಇನ್ನು ನಾಲ್ಕೇ ದಿನ.

ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಆಗ ಮಾಡಿದೆ. ಮನೆಯವರನ್ನು ದಿನಕ್ಕೊಬ್ಬರಂತೆ ಬೇರೆ ಕಡೆ ಮಲಗಿಸಿ ಗೆರೆ ನೋಡುವುದು. ಮೊದಲ ದಿನ ಬಸವಲಿಂಗ ಅಂಗಡಿಯಲ್ಲಿ ಮಲಗಿದ. ಮಂಚ ಸರಿಯಿತು. ಅವನಲ್ಲ ಅಂತ ಅಲ್ಲೇ ಗೊತ್ತಾಯಿತು. ಎರಡನೆಯ ದಿನ ವಿಶಾಲಿಯನ್ನು ನನ್ನ ಮನೆಗೆ ಕರೆದೆ. ಅವಳ ತವರೂ ತೆಂಕಲಿಗೇ ಇತ್ತು, ಅವಳದೇ ಹಂಬಲ ಇರಬಹುದಲ್ಲ ಅಂತ. ಬೆಳಿಗ್ಗೆ ಎದ್ದವಳು ಸುಮ್ಮನಿರಲಾರದೆ ಪೊರಕೆ ಹಿಡಿದು ಕಸ ಗುಡಿಸಿದಳು.

"ನಿಮ್ಮ ಮನೆ ಎಷ್ಟು ಹಾಯಾಗಿದೆ ಅಕ್ಕ. ಏನೂ ಅಲ್ಲಾಡಲ್ಲ. ನಿಮಗೆ ಯಾರೂ ಬೇಡವಾ?"

ನಾನು ಕಾಫಿ ಸೋಸುತ್ತಿದ್ದೆ. ಅವಳು ಮಂಚದ ಕೆಳಗೆ ಬಗ್ಗಿದಳು. ಪೊರಕೆಯ ಸದ್ದು ನಿಂತಿತು. ಅವಳಿಗೆ ಮೊಳೆ ಕಂಡಿತ್ತು. ಮಂಚದ ನಾಲ್ಕು ಕಾಲಿಗೂ ಕಬ್ಬಿಣದ ಪಟ್ಟಿ, ಪಟ್ಟಿಯ ಮೂಲಕ ನೆಲಕ್ಕೆ ಬೆರಳುದ್ದದ ಮೊಳೆಗಳು. ಬೀರುವನ್ನು ಗೋಡೆಗೆ ಜಡಿದಿದ್ದೆ. ಪಾತ್ರೆಯ ಗೂಡಿಗೆ ಅಡ್ಡಪಟ್ಟಿ. ಅವಳು ಎದ್ದು ನಿಂತು ನನ್ನ ಮುಖ ನೋಡಿ, ಏನೂ ಕೇಳದೆ ಉಳಿದ ಕಸ ಗುಡಿಸಿದಳು. ಒಳ್ಳೆಯ ಹುಡುಗಿ ಅದು.

ಅವಳು ಕೇಳದಿದ್ದರೂ ಇಲ್ಲಿ ಹೇಳುತ್ತೇನೆ. ನನಗೊಬ್ಬ ತಂಗಿ ಇದ್ದಳು, ತಾರಾಮಣಿ, ತಾರಿ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಎತ್ತಿ ಆಡಿಸಿದವಳು ನಾನು, ಜಡೆ ಹಾಕಿದವಳು ನಾನು. ನಮ್ಮಮ್ಮ ತೀರಿಕೊಂಡ ಮೂರನೆಯ ದಿನಕ್ಕೆ ಅಮ್ಮನ ಮಂಚದ ಕಾಲು ಒಂದು ಗೇಣು ನೆಲಕ್ಕೆ ಇಳಿದಿತ್ತು. ತಾರಿ ಅದರ ಪಕ್ಕದಲ್ಲೇ ನೆಲದ ಮೇಲೆ ಮಲಗಿರುತ್ತಿದ್ದಳು. ಅವಳು ನದಿಗೆ ಹೋದ ಹೊತ್ತು ನೋಡಿ ನಾನು ನಾಲ್ಕು ಜನರನ್ನು ಕರೆಸಿ ಮಂಚ ಎತ್ತಿಸಿದೆ, ಗುಂಡಿ ಮುಚ್ಚಿಸಿದೆ, ಮಣೆ ಹಾಕಿ ಅಮ್ಮನ ಹೆಸರು ಹೇಳಿ ಮುಗಿಸಿದೆ. ಅವಳು ನರಳುವುದು ನನಗೆ ನೋಡಲಾಗಲಿಲ್ಲ, ಅದಕ್ಕೇ ಮಾಡಿದ್ದು. ಅವಳು ಬಂದು ನೋಡಿ, "ಅಮ್ಮನ್ನೂ ಒಂದು ಕೆಲಸದ ಹಾಗೆ ಮುಗಿಸಿಬಿಟ್ಟೆಯಲ್ಲಕ್ಕ. ನಾಳೆ ನಾನು ಹೋದರೂ ನಿನ್ನ ಮನೆ ನಿಂತೇ ಇರುತ್ತೆ," ಅಂದಳು. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಹೋಗಿ ನೋಡು, ಗೊತ್ತಾಗುತ್ತೆ ಅಂದೆ. ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಹೋದಳು. ಅವಳು ಬೀದಿಯ ಮೂಲೆ ತಿರುಗುವ ಮೊದಲೇ ನಾನು ಸುತ್ತಿಗೆ ಹುಡುಕುತ್ತಿದ್ದೆ.

ಮನೆ ನಿಲ್ಲಿಸುವವಳ ಮನೆಯೇ ಅಲ್ಲಾಡಿದರೆ ನಾಲ್ಕು ಜನ ಕರೆಯುತ್ತಾರಾ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸಿಟ್ಟು ಇಳಿಯಿತು, ಮೊಳೆ ಕೀಳಲಿಲ್ಲ. ಮೊಳೆ ಕಿತ್ತರೆ ಅವಳಿರುವ ದಿಕ್ಕು ನನ್ನ ಮನೆಯೇ ಹೇಳುತ್ತದೆ, ಅದು ಗೊತ್ತಿತ್ತು. ಆದರೆ ಮಂಚ ಸರಿಯದೆ ನೆಲಕ್ಕೆ ಇಳಿದುಬಿಟ್ಟರೆ? ಆ ಭಯಕ್ಕೆ ಹನ್ನೊಂದು ವರ್ಷ ನಾನು ಮಂಚದ ಕೆಳಗೆ ಬಗ್ಗಿ ನೋಡಲಿಲ್ಲ. ದಿನಾ ಅದರ ಮೇಲೇ ಮಲಗಿ, ಅವಳು ಉಂಡಳೋ, ಮದುವೆಯಾದಳೋ, ಮಳೆಗೆ ನೆನೆದರೆ ಅವಳಿಗೆ ಕಿವಿ ನೋಯುತ್ತದಲ್ಲ, ಯಾರಾದರೂ ಬಿಸಿ ಎಣ್ಣೆ ಬಿಡುತ್ತಾರೋ ಅಂತ ಯೋಚಿಸುತ್ತಿದ್ದೆ.

ವಿಶಾಲಿ ನನ್ನಲ್ಲಿ ಮಲಗಿದ ದಿನವೂ ಅವರ ಮನೆ ಸರಿದಿತ್ತು. ಉಳಿದದ್ದು ಮಲ್ಲಾಜಮ್ಮ. ಮುದುಕಿಯರನ್ನು ನಾವು ಪರೀಕ್ಷೆ ಮಾಡುವುದಿಲ್ಲ; ಅವರಿಗೆ ಗಂಡನ ಹಂಬಲ ಬಿಟ್ಟು ಇನ್ನೇನಿರುತ್ತದೆ ಅನ್ನುವ ಸಸಾರ. ಅವಳನ್ನು ಪಕ್ಕದ ಮನೆಯಲ್ಲಿ ಮಲಗಿಸಿದೆ. ಬೆಳಿಗ್ಗೆ ಹೋದರೆ ಮಂಚದ ಕಾಲು ಗೆರೆಯೊಳಗೇ ಇತ್ತು. ಉಪ್ಪಿನಕಾಯಿ ಜಾಡಿಯೂ ಇಟ್ಟಲ್ಲೇ ಇತ್ತು.

ನಾನು ಮಲ್ಲಾಜಮ್ಮನ ಮುಂದೆ ಕೂತೆ. ಮಗ ಸೊಸೆ ಇಬ್ಬರೂ ನಿಂತಿದ್ದರು. ಅವಳು ಸೆರಗಿನ ಅಂಚು ಮಡಿಸುತ್ತ ಕೂತಿದ್ದಳು.

"ಒಂಬತ್ತು ವರ್ಷ ನನ್ನ ಜೊತೆ ಜಗಳ ಆಡಿದಳು ಕಣೆ ಅವಳು," ಅಂದಳು. "ನಾನೊಂದು ಅಂದರೆ ಅವಳು ಎರಡು. ಒಂದು ದಿನ ಸುಮ್ಮನಿದ್ದವಳಲ್ಲ. ನನಗೆ ಜ್ವರ ಬಂದರೆ ಬೈದುಕೊಂಡೇ ಗಂಜಿ ಕುಡಿಸೋಳು. ಈ ಮಗು ಒಳ್ಳೇದು, ಏನಂದರೂ ಹೂಂ ಅತ್ತೆ ಅನ್ನುತ್ತೆ. ನಾನು ಯಾರ ಹತ್ತಿರ ಮಾತಾಡಲಿ? ನಾನೇ ಓಡಿಸಿದೋಳು, ಈಗ ನಾನೇ ಅವಳು ಬೇಕು ಅಂತ ಯಾವ ಬಾಯಲ್ಲಿ ಹೇಳಲಿ?"

ಬಸವಲಿಂಗ ಗೋಡೆಗೆ ಒರಗಿಬಿಟ್ಟ. ವಿಶಾಲಿ ಮುಖಕ್ಕೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು. ತಾನೇ ಹೋಗಿ ಗೋಡೆಯ ಹತ್ತಿರವಿದ್ದ ಮಣೆ ಒರೆಸಿ ಸರಿಯಾಗಿ ಇಟ್ಟಳು. "ಹೇಳಿ ಅತ್ತೆ," ಅಂದಳು. ಮಲ್ಲಾಜಮ್ಮ ಎದ್ದು ನಿಂತು, "ಇದು ನಮ್ಮ ಜಯಿಗೆ," ಅಂದಳು. ಮನೆ ನಿಂತಿತು. ಶುಕ್ರವಾರ ಬಂತು, ವಿಶಾಲಿ ಎಲ್ಲಿಗೂ ಹೋಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂತ ಅತ್ತೆ ಅಂದದ್ದಕ್ಕೆ, ನಾಳೆಯಿಂದ ನೀವೇ ಹಾಕಿಕೊಳ್ಳಿ ಅಂದಳಂತೆ. ಮುದುಕಿಗೆ ಹೋದ ಜೀವ ಬಂದ ಹಾಗಾಯಿತಂತೆ.

ಮುದುಕಿ ಆ ಜೀವ ತೆಗೆದುಕೊಂಡು ಮೊದಲು ಬಂದದ್ದು ನನ್ನ ಮನೆಗೇ. ಬಂದವಳು ನೇರ ಮಂಚದ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ವಿಶಾಲಿ ಹೇಳಿದಳು, ನಾನು ನಂಬಲಿಲ್ಲ. ಹೇಳೋದು ಆಚಾರ ತಿನ್ನೋದು ಬದನೆಕಾಯಿ. ನನ್ನ ಮಗನ ಕೈಲಿ ಎಲ್ಲರ ಮುಂದೆ ಹೆಸರು ಹೇಳಿಸಿದೆಯಲ್ಲ, ನಿನ್ನ ಬಾಯಿಗೇನಾಗಿತ್ತೇ?"

"ನಿಮಗೇನು ಗೊತ್ತು, ಸುಮ್ಮನಿರಿ."

"ನನಗೆ ಮೂರು ವರ್ಷ ಹಿಡೀತು. ನಿನಗೆ ಇನ್ನೆಷ್ಟು ಬೇಕು?"

ಅವಳನ್ನು ಬೈದು ಕಳಿಸಿದೆ. ಅವಳು ಬೀದಿಯುದ್ದಕ್ಕೂ ಹೇಳಿಕೊಂಡೇ ಹೋದಳು. ಹೇಳಲಿ. ನಾನು ಬಾಗಿಲು ಹಾಕಿಕೊಂಡು ಇಕ್ಕಳ ತಂದೆ. ಮೊಳೆಗಳು ತುಕ್ಕು ಹಿಡಿದು ನೆಲವನ್ನೇ ಕಚ್ಚಿದ್ದವು. ಒಂದೊಂದು ಕೀಳುವುದಕ್ಕೂ ಉಸಿರು ಕಟ್ಟಿತು. ಬೀರುವಿನದು, ಗೂಡಿನದು ಸೇರಿ ಎಲ್ಲ ಮುಗಿಸಿ, ಮಂಚದ ಕಾಲಿನ ಸುತ್ತ ಗೆರೆ ಹಾಕಿ, ಪಕ್ಕದಲ್ಲೇ ಕೂತುಬಿಟ್ಟೆ.

ಶನಿವಾರ ಬೆಳಿಗ್ಗೆ ಬಗ್ಗಿ ನೋಡಿದೆ. ಕಾಲು ಇಳಿದಿರಲಿಲ್ಲ. ಸರಿದೂ ಇರಲಿಲ್ಲ. ಭಾನುವಾರವೂ ಹಾಗೇ. ಆಗ, ಅಲ್ಲಿಯವರೆಗೂ ಹೊಳೆಯದೇ ಇದ್ದ ಮೂರನೆಯದೊಂದು ಹೊಳೆಯಿತು. ಅವಳು ಸತ್ತಿರಲಿಕ್ಕಿಲ್ಲ, ನನಗೇ ಅವಳು ಬೇಡವಾಗಿರಬಹುದು. ಹನ್ನೊಂದು ವರ್ಷ ಬಿಗಿದು ಕಟ್ಟಿದ್ದು ಒಳಗೇ ಒಣಗಿಹೋಗಿರಬಹುದು. ಇದಕ್ಕಿಂತ ನೆಲಕ್ಕೆ ಇಳಿದಿದ್ದರೂ ವಾಸಿಯಾಗಿತ್ತು ಅನ್ನಿಸಿತು. ನನ್ನ ಬಾಯಿಗೆ ಹುಳ ಬೀಳಲಿ, ಅನ್ನಿಸಿದ್ದು ನಿಜ. ಅವತ್ತು ನಾನು ಒಲೆ ಹಚ್ಚಲಿಲ್ಲ.

ಸೋಮವಾರ ಎದ್ದಾಗ ನನ್ನ ತಲೆ ಕಿಟಕಿಯ ಹತ್ತಿರವಿತ್ತು. ಮಲಗುವಾಗ ಕಿಟಕಿ ಎರಡು ಮೂರು ಮಾರು ದೂರವಿತ್ತು. ಮಂಚ ಒಂದು ಕಾಳು ಎರಡು ಕಾಳು ಅಲ್ಲ, ಹನ್ನೊಂದು ವರ್ಷದ್ದೆಲ್ಲ ಒಂದೇ ರಾತ್ರಿಗೆ ಸರಿದ ಹಾಗೆ ನಡುಮನೆಯನ್ನೇ ದಾಟಿ ಮೂಡಲ ಗೋಡೆಗೆ ಹೋಗಿ ಒರಗಿತ್ತು. ಬೀರು ಅದರ ಹಿಂದೆ. ಪಾತ್ರೆಗಳೆಲ್ಲ ಗೂಡಿನಿಂದ ಇಳಿದು ಆ ಮೂಲೆಗೆ ಸೇರಿದ್ದವು. ನಾನು ಆ ಮಂಚದ ಮೇಲೆ ಮತ್ತೆ ಮಲಗಿ, ಬದುಕಿದ್ದಾಳೆ, ಬದುಕಿದ್ದಾಳೆ ಅಂತ ದಿಂಬಿಗೆ ಹೇಳಿದೆ. ಕಿಟಕಿಯ ಆಚೆ ಬೀದಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡಿದರು. ಅಚ್ಚಮ್ಮಕ್ಕನ ಮನೆ ಅಲ್ಲಾಡಿತು ಅನ್ನುವ ಸುದ್ದಿ ಹೊತ್ತು ಏರುವುದರೊಳಗೆ ಊರೆಲ್ಲ ಹಬ್ಬಿತು. ನಾನು ಒಂದು ಚಮಚವನ್ನೂ ಎತ್ತಿ ವಾಪಸ್ ಇಡಲಿಲ್ಲ.

ಮೂಡಲ ದಿಕ್ಕಿಗೆ ಹಳ್ಳಿಗಳು ಎಷ್ಟಿವೆ, ನಡೆಯುವುದಕ್ಕೆ ಎಷ್ಟು ದಿನ ಬೇಕು ಅಂತ ಮಂಗಳವಾರವೆಲ್ಲ ವಿಚಾರಿಸಿದೆ. ಬುಧವಾರ ಹೊರಡುವುದಕ್ಕೆ ಅಂತ ರೊಟ್ಟಿ ತಟ್ಟುತ್ತಿದ್ದಾಗ ಹಿಂದೆ ಏನೋ ಕಿರುಗುಟ್ಟಿತು. ತಿರುಗಿ ನೋಡಿದರೆ ಮಂಚ ಮೂಡಲ ಗೋಡೆ ಬಿಟ್ಟು ಹೊರಟಿತ್ತು. ನೋಡನೋಡುತ್ತಿದ್ದ ಹಾಗೆ ಅದು ಪಡುವಲಿಗೆ ತಿರುಗಿತು. ಇಷ್ಟು ವರ್ಷದಲ್ಲಿ ದಿಕ್ಕು ಬದಲಾಯಿಸಿದ ಮನೆಯನ್ನು ನಾನು ನೋಡಿಲ್ಲ. ದೂರದಲ್ಲಿರುವವರು ಎಷ್ಟು ನಡೆದಾಡಿದರೂ ಇಲ್ಲಿಗೆ ದಿಕ್ಕು ಒಂದೇ. ತೀರ ಹತ್ತಿರ ಬಂದವರಿಗೆ ಮಾತ್ರ ಹೀಗಾಗಬೇಕು. ಪಡುವಲಿಗೆ ನನ್ನ ಮನೆಯಿಂದ ನಾಲ್ಕು ಬೀದಿ ಆಚೆ ಸಂತೆಮಾಳ. ಅವತ್ತು ಸಂತೆ.

ಸಂತೆಗೆ ನಾನು ಹೋಗಿ ವರ್ಷಗಳಾಗಿದ್ದವು. ಮನೆ ನಿಲ್ಲಿಸಿಕೊಂಡವರೇ ನನಗೆ ದವಸ ತರಕಾರಿ ತಂದು ಹಾಕುತ್ತಿದ್ದರು. ಕೈಗೆ ಹತ್ತಿದ ಹಿಟ್ಟೂ ತೊಳೆಯದೆ ಓಡಿದೆ. ದಾರಿಯಲ್ಲಿ ನನ್ನನ್ನು ನೋಡಿದವರು ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ. ಒಬ್ಬಳು ಬಾಳೆಹಣ್ಣಿನವಳು, "ಕೊನೇ ಸಾಲು, ಅಕ್ಕ," ಅಂದಳು. ಅವರಿಗೆಲ್ಲ ಗೊತ್ತಿತ್ತು; ನನ್ನ ಮನೆ ಅಲ್ಲಾಡದ್ದಕ್ಕೆ ಇಷ್ಟು ವರ್ಷ ಯಾರೂ ಬಾಯಿ ಬಿಟ್ಟಿರಲಿಲ್ಲ.

ಕೊನೆಯ ಸಾಲಿನಲ್ಲಿ ಈಚಲು ಚಾಪೆ ಮಾರುವವರು. ತಾರಿ ಒಂದು ಚಾಪೆ ಹಾಸಿಕೊಂಡು, ಉಳಿದವನ್ನು ಸುರುಳಿ ಸುತ್ತಿ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದಳು. ಕಿವಿಯ ಮೇಲೆ ಕೂದಲು ನರೆತಿತ್ತು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವಳು ತಲೆ ಎತ್ತಲಿಲ್ಲ, ಚಾಪೆಯ ಅಂಚಿನ ಎಳೆಯೊಂದನ್ನು ಒಳಗೆ ಸಿಕ್ಕಿಸುತ್ತ ಮಾತಾಡಿದಳು.

"ಪ್ರತಿ ಬುಧವಾರ ಇಲ್ಲಿಯವರನ್ನ ಕೇಳ್ತಿದ್ದೆ. ನಮ್ಮಕ್ಕನ ಮನೆ ಏನಾದರೂ ಅಲ್ಲಾಡಿತಾ ಅಂತ. ಬಂಡೆ ಹಾಗೆ ನಿಂತಿದೆ ಅನ್ನೋರು. ಚಾಪೆ ಸುತ್ತಿಕೊಂಡು ಹೋಗ್ತಿದ್ದೆ."

"ಎಷ್ಟು ವರ್ಷದಿಂದ?"

"ಹೋದಾಗಿನಿಂದ."

"ಮೊಳೆ ಹೊಡೆದಿದ್ದೆ ಕಣೆ, ತಾರಿ," ಅಂದೆ. "ನೀನು ಮೂಲೆ ತಿರುಗೋದರೊಳಗೇ ಹೊಡೆದಿದ್ದೆ."

ಅವಳ ಕೈ ನಿಂತಿತು. ಆಗ ಮುಖ ಎತ್ತಿ ನನ್ನನ್ನು ನೋಡಿದಳು.

"ಎಷ್ಟು ಮೊಳೆ?"

"ಮನೆಯಲ್ಲಿದ್ದಷ್ಟೂ."

ಅವಳು ಚಾಪೆಯ ಮೇಲೆ ಸ್ವಲ್ಪ ಆಚೆ ಸರಿದು, ನನಗೆ ಕೂರಲು ಜಾಗ ಮಾಡಿದಳು.